ಸಿಇಟಿಯಲ್ಲಿ 2ಎ ಹುಡುಗರು ಜಿಎಂ ಸೀಟನ್ನೂ ತಗೊಳ್ಳೋದು ಸರೀನಾ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೆ ಜಾತಿ ಮೀಸಲಾತಿ ಇಲ್ಲ, ಹಳ್ಳಿ ಶಾಲೆಯಲ್ಲಿ ಓದಿದವರು, ಎಂಜಿನಿಯರಿಂಗ್ ಸೀಟು ಸ್ವಲ್ಪದರಲ್ಲಿ ತಪ್ಪಿತು, 2ಎಯಂಥ ಹಿಂದುಳಿದ ವರ್ಗದ ಕೋಟಾ ಇರುವವರು ನಮ್ಮ ಜಿಎಂ (ಜನರಲ್ ಮೆರಿಟ್) ಸೀಟಿಗೂ ಬಂದರೆ ಎರಡೂ ಕಡೆ ತಿಂದ ಹಾಗಲ್ವಾ ಅಂತ.

ಅಲ್ಲ. "ನಮ್ಮ ಜಿಎಂ" ಅನ್ನೋದೇ ಇಲ್ಲ. ಜಿಎಂ ಅಂದರೆ ಜಾತಿ ಕೇಳದ ಸೀಟು, ರ್‍ಯಾಂಕ್ ಇದ್ದವರಿಗೆ ಸಿಗುತ್ತದೆ. ಒಬ್ಬ 2ಎ ಹುಡುಗಿಯ ರ್‍ಯಾಂಕ್ ಜಿಎಂ ಕಟಾಫ್ ಒಳಗೇ ಇದ್ದರೆ ಅವಳು ಕೋಟಾ ಮುಟ್ಟಿಯೇ ಇಲ್ಲ. ನಿಮ್ಮ ಹಾಗೇ ಬಂದವಳು ಅವಳು. ಅವಳನ್ನು ಎಳೆದು 2ಎ ಲೆಕ್ಕಕ್ಕೆ ಹಾಕಿದರೆ ಏನಾಗುತ್ತೆ? 2ಎಗೆ ಇರೋದು ಶೇ. 15. ಆ ಪಟ್ಟಿಯಲ್ಲಿರುವ ನೂರಾರು ಜಾತಿಯ ಮಕ್ಕಳು ಎಷ್ಟೇ ಚೆನ್ನಾಗಿ ಬರೆದರೂ ಅದರ ಮೇಲೆ ಒಂದು ಸೀಟೂ ಇಲ್ಲ, ಉಳಿದದ್ದೆಲ್ಲ ಮೇಲ್ಜಾತಿ ಕೋಟಾ ಅಂದ ಹಾಗಾಯ್ತು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮೆರಿಟ್ ಮೇಲೆ ಬಂದವರನ್ನು ಮೀಸಲಾತಿ ಲೆಕ್ಕಕ್ಕೆ ಸೇರಿಸಬಾರದು.

ಇನ್ನೊಂದು ವಿಷಯ. ಕಟಾಫ್ ಪಟ್ಟಿ ತೆಗೆದರೆ ಎಲ್ಲರ ಕಣ್ಣೂ ಎಸ್‌ಸಿಜಿ, 2ಎಜಿ ಅನ್ನೋ ಜಾತಿ ಕೋಟಾದ ಕಾಲಂ ಮೇಲೇ. ಪಕ್ಕದಲ್ಲೇ ಜಿಎಂಆರ್, ಜಿಎಂಕೆ ಅಂತಲೂ ಇರುತ್ತೆ, ನೋಡಿದ್ದೀರಾ? ಆರ್ ಅಂದರೆ ಗ್ರಾಮೀಣ, ಶೇ. 15; ಕೆ ಅಂದರೆ ಕನ್ನಡ ಮಾಧ್ಯಮ, ಶೇ. 5; ಜಿಎಂ ಸೇರಿ ಪ್ರತಿ ವರ್ಗದ ಒಳಗೂ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಅಲ್ಲಿನ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8. ಅಲ್ಲೂ ರ್‍ಯಾಂಕ್ ಸಾಮಾನ್ಯವಾಗಿ ಹಿಂದೆ ಹೋಗುತ್ತೆ, ಆದರೆ "ಮೆರಿಟ್ ಸತ್ತೋಯ್ತು" ಅಂತ ಯಾರೂ ಕೂಗಲ್ಲ. ಹಳ್ಳಿ ಶಾಲೆಗೆ ಲ್ಯಾಬ್ ಇಲ್ಲ, ಮೇಷ್ಟ್ರಿಲ್ಲ ಅನ್ನೋದು ಅರ್ಥವಾಗುತ್ತೆ, ಜಾತಿ ಮಾತ್ರ ಅರ್ಥವಾಗಲ್ಲ. ಮ್ಯಾನೇಜ್‌ಮೆಂಟ್ ಕೋಟಾ ಬಗ್ಗೆಯಂತೂ ಸದ್ದೇ ಇಲ್ಲ, ಅಲ್ಲಿ ರ್‍ಯಾಂಕ್ ಎಷ್ಟು ಹಿಂದಿದ್ದರೂ ಅಪ್ಪನ ಜೇಬು ಮುಂದಿದ್ದರೆ ಸಾಕು.

ಈಗ ನಿಮ್ಮ ವಿಷಯ. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿದ್ದರೆ ನೀವು ನೋಡಬೇಕಾದ್ದು ಜಿಎಂ ಅಲ್ಲ, ಜಿಎಂಆರ್ ಕಾಲಂ. ಮುಂದಿನ ಸಲ ಬರೆಯುವುದಾದರೆ ಅರ್ಜಿ ತುಂಬುವಾಗಲೇ ಕ್ಲೈಮ್ ಮಾಡಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಕೆನೆಪದರಕ್ಕೆ, ಅಂದರೆ ಅನುಕೂಲಸ್ಥರ ಸಾಲಿಗೆ, ಸೇರಿಲ್ಲ ಅನ್ನೋ ಸರ್ಟಿಫಿಕೇಟೂ ಬೇಕು. ಬಿಇಒ ಆಫೀಸಿಗೆ ಕೊನೇ ವಾರ ಹೋಗಬೇಡಿ, ಜಾತ್ರೆ ಇರುತ್ತೆ.