ಸಿಂಗಪುರದ ಚೀನೀ ಸಂಘಗಳು ಬಲಗೊಂಡರೆ ಉಳಿದವರು ಅಂಜಬೇಕೆ?

ಸಿಂಗಪುರದಲ್ಲಿ ಚೀನೀಯರೇ ಬಹುಸಂಖ್ಯಾತರು. ಹಾಗಿರುವಾಗ ಅವರ ಸಮುದಾಯ ಸಂಘಗಳನ್ನು ಇನ್ನಷ್ಟು ಬಲಪಡಿಸುವ ಅಗತ್ಯವೇನು, ಅದರಿಂದ ಮಲಯರಿಗೂ ನಮ್ಮಂಥ ಭಾರತೀಯರಿಗೂ ತೊಂದರೆಯಲ್ಲವೇ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಇಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಇಲ್ಲಿನ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುವವನಾಗಿ ಉತ್ತರಿಸುತ್ತೇನೆ. ಆ ಸಂಘಗಳು ಬಲಗೊಳ್ಳಲೇಬೇಕು. ಆದರೆ ಬಲ ಅಂದರೆ ಹೊಸ ವರ್ಷಕ್ಕೆ ಇನ್ನೂ ದೊಡ್ಡ ಸಿಂಹನೃತ್ಯ, ಇನ್ನೂ ಎತ್ತರದ ವೇದಿಕೆ ಅನ್ನುವುದಾದರೆ ನಾನು ಒಪ್ಪುವುದಿಲ್ಲ. ಹಿಂದೆ ಇದ್ದಂತೆ ಅವುಗಳಿಗೆ ಕೈತುಂಬ ಕೆಲಸ ಇರಬೇಕು, ಕಳೆದುಹೋಗುತ್ತಿರುವ ಮನೆಮಾತುಗಳು ಮಕ್ಕಳ ಬಾಯಿಗೆ ಮರಳಬೇಕು.

ಹೊರಗಿನವರ ಕಣ್ಣಿಗೆ ಚೀನೀಯರೆಲ್ಲ ಒಂದೇ ಗುಂಪು. ಇಲ್ಲಿ ಬಂದಿಳಿದಾಗ ಅವರು ಹಾಗಿರಲಿಲ್ಲ. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಎಂದು ಹಲವು ಗುಂಪುಗಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. 1819ರಲ್ಲಿ ಬ್ರಿಟಿಷರು ಇಲ್ಲಿ ಬಂದರು ತೆರೆದ ಮೇಲೆ ದಕ್ಷಿಣ ಚೀನಾದಿಂದ ಹಡಗು ಹತ್ತಿ ಬಂದವನಿಗೆ ಮಲಗಲು ಜಾಗ, ಕೆಲಸ, ಊರಿಗೆ ಕಾಗದ ಬರೆದುಕೊಡುವವರು, ಸತ್ತರೆ ಮಣ್ಣು ಮಾಡುವವರು ಬೇಕಿತ್ತು. ಇದನ್ನೆಲ್ಲ ನೋಡಿಕೊಂಡದ್ದು ಊರಿನವರ, ಕುಲದವರ ಸಂಘಗಳು. ತೆಲೋಕ್ ಆಯರ್ ಬೀದಿಗೆ ಹೋದರೆ ಈಗಲೂ ಅದರ ಕುರುಹು ಕಾಣುತ್ತದೆ. ಆಗ ಆ ಬೀದಿಯ ಎದುರಿಗೇ ಸಮುದ್ರವಿತ್ತು. ಹಡಗಿನಿಂದ ಇಳಿದವರು ನೇರವಾಗಿ ಹೋಗಿ ಕಡಲ ದೇವತೆ ಮಾಜುವಿಗೆ ಕೈಮುಗಿಯುತ್ತಿದ್ದರು. ಅದೇ ಇಂದಿನ ಥಿಯಾನ್ ಹೋಕ್ ಕೆಂಗ್ ದೇವಸ್ಥಾನ, 1842ರಲ್ಲಿ ಪೂರ್ಣಗೊಂಡದ್ದು. ಹೊಕ್ಕಿಯೆನ್ ಹುವೇ ಕುವಾನ್ ಎಂಬ ದೊಡ್ಡ ಸಂಘ ಹುಟ್ಟಿದ್ದು ಅದರ ಅಂಗಳದಲ್ಲೇ. ಕೆಲವೇ ಹೆಜ್ಜೆ ಆಚೆ, ಅದಕ್ಕಿಂತ ಮೊದಲೇ ತಮಿಳು ಕರಾವಳಿಯ ಮುಸ್ಲಿಮರು ಕಟ್ಟಿದ ನಾಗೂರ್ ದರ್ಗಾ ಇದೆ. ಅದೇ ಬೀದಿಯಲ್ಲಿ ಹಕ್ಕಾ ಜನರ ಯಿಂಗ್ ಫೋ ಫುಯಿ ಕುನ್ ಕೂಡ ಇದೆ. ಕಡಲು ದಾಟಿ ಬಂದವರು ತಮ್ಮ ತಮ್ಮ ದೇವರನ್ನು ನೆನೆದದ್ದು ಒಂದೇ ದಡದಲ್ಲಿ.

ಸಂಘಗಳು ಮುಂದೆ ಶಾಲೆಗಳನ್ನು ತೆರೆದವು. ಹೊಕ್ಕಿಯೆನ್ ಸಮುದಾಯದ ತಾವೊ ನಾನ್ ಶಾಲೆ 1906ರದ್ದು, ಈಗಲೂ ನಡೆಯುತ್ತಿದೆ. 1950ರ ದಶಕದಲ್ಲಿ ನಾನ್ಯಾಂಗ್ ವಿಶ್ವವಿದ್ಯಾಲಯ ಕಟ್ಟಲು ಹೊಕ್ಕಿಯೆನ್ ಹುವೇ ಕುವಾನ್ ಜುರಾಂಗ್‌ನಲ್ಲಿ 500 ಎಕರೆಗೂ ಹೆಚ್ಚು ಜಾಗ ಕೊಟ್ಟಿತು, ಸೈಕಲ್ ರಿಕ್ಷಾ ತುಳಿಯುವವರು ತಮ್ಮ ದಿನದ ದುಡಿಮೆಯನ್ನೇ ತಂದು ಒಪ್ಪಿಸಿದರು. ಈ ಸಂಗತಿ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ತಾವು ಓದದ ಜನ ಇನ್ನೊಬ್ಬರ ಮಕ್ಕಳಿಗೆ ವಿಶ್ವವಿದ್ಯಾಲಯ ಕಟ್ಟಿಸಿಕೊಟ್ಟರು.

ನಿಮ್ಮ ಭಯಕ್ಕೆ ಉತ್ತರವೂ ಈ ಇತಿಹಾಸದಲ್ಲೇ ಇದೆ. 1867ರಲ್ಲಿ ಚೀನೀ ವ್ಯಾಪಾರಿಗಳು ಶುರುಮಾಡಿದ ಥಾಂಗ್ ಚಾಯ್ ವೈದ್ಯಶಾಲೆ ಜಾತಿ, ಜನಾಂಗ ನೋಡದೆ ಬಡವರಿಗೆ ಪುಕ್ಕಟೆ ಔಷಧಿ ಕೊಟ್ಟಿತು. ಸೆರಂಗೂನ್ ರಸ್ತೆಯಲ್ಲಿ 1910ರಲ್ಲಿ ಕ್ಯಾಂಟನೀಸರು ತಮ್ಮವರಿಗೆಂದೇ ಕಟ್ಟಿಕೊಂಡ ಕ್ವಾಂಗ್ ವಾಯ್ ಶಿಯು ಆಸ್ಪತ್ರೆ ಮುಂದೆ ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು. ಆರ್ಚರ್ಡ್ ರಸ್ತೆಯ ನೀ ಆನ್ ಸಿಟಿ ಮಾಲ್‌ನಲ್ಲಿ ನೀವೂ ಸುತ್ತಾಡಿರಬಹುದು. ಅದು ಇರುವುದು ತಿಯೋಚ್ಯೂ ಜನರ ಹಳೆಯ ಸ್ಮಶಾನದ ಜಾಗದಲ್ಲಿ, ಆ ನೆಲ ಇಂದಿಗೂ ನೀ ಆನ್ ಕೊಂಗ್ಸಿ ಎಂಬ ಸಂಘದ್ದು. ಇದೇ ಸಂಘ 1963ರಲ್ಲಿ ತೆರೆದ ಕಾಲೇಜು ಇಂದು ನೀ ಆನ್ ಪಾಲಿಟೆಕ್ನಿಕ್, ಭಾರತೀಯರ ಮಕ್ಕಳೂ ಮಲಯರ ಮಕ್ಕಳೂ ಅಲ್ಲಿ ಓದುತ್ತಾರೆ. ಬಲವಾದ ಸಂಘದಿಂದ ನೆರೆಯವನಿಗೆ ಸಿಕ್ಕಿದ್ದು ಇದು.

ಹಾಗಾದರೆ ಅವು ಸೊರಗಿದ್ದೇಕೆ? ಒಂದು ಕಾರಣ ಒಳ್ಳೆಯದೇ. ಸ್ವತಂತ್ರ ಸಿಂಗಪುರದ ಸರ್ಕಾರ ಮನೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ತಾನೇ ಒದಗಿಸತೊಡಗಿತು. ಒಂದೊಂದು ಬೀದಿಯಲ್ಲಿ ಒಟ್ಟಾಗಿದ್ದ ಊರಿನವರು ಹೌಸಿಂಗ್ ಬೋರ್ಡ್ ಫ್ಲ್ಯಾಟುಗಳಿಗೆ ಚದುರಿಹೋದರು. ಸಂಘದ ಮೆಟ್ಟಿಲು ಹತ್ತುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಇನ್ನೊಂದು ಕಾರಣ ನನ್ನನ್ನು ಹೆಚ್ಚು ಕಾಡುತ್ತದೆ. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಸರ್ಕಾರ ‘ಮ್ಯಾಂಡರಿನ್ ಮಾತಾಡಿ’ ಅಭಿಯಾನ ಶುರುಮಾಡಿತು. ಮ್ಯಾಂಡರಿನ್ ಅಂದರೆ ಚೀನಾದ ಅಧಿಕೃತ ಭಾಷೆ. ಹೊಕ್ಕಿಯೆನ್, ಕ್ಯಾಂಟನೀಸ್ ಮೊದಲಾದವು ಟಿವಿ, ರೇಡಿಯೊಗಳಿಂದ ಮರೆಯಾದವು. ಮಕ್ಕಳಿಗೆ ಇಂಗ್ಲಿಷಿನ ಜೊತೆ ಇಷ್ಟೊಂದು ಆಡುಭಾಷೆಗಳು ಹೊರೆಯಾಗುತ್ತವೆ, ಮ್ಯಾಂಡರಿನ್ ಎಲ್ಲರನ್ನೂ ಒಂದುಮಾಡುತ್ತದೆ ಎಂಬುದು ಸರ್ಕಾರದ ವಾದ. ಚೀನೀಯರು ತಮ್ಮೊಳಗೆ ಒಂದಾದದ್ದು ನಿಜ. ಬೆಲೆ ತೆತ್ತವರು ಅಜ್ಜಿ-ಮೊಮ್ಮಕ್ಕಳು. ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಒಬ್ಬ ಅಜ್ಜಿ ಆಗಾಗ ಸಿಗುತ್ತಾರೆ. ಶಾಲೆ ಬಿಟ್ಟು ಬಂದ ಮೊಮ್ಮಗನ ಬ್ಯಾಗು ತಾವೇ ಹೆಗಲಿಗೆ ಹಾಕಿಕೊಂಡು ತಿಯೋಚ್ಯೂನಲ್ಲಿ ಏನೇನೋ ಕೇಳುತ್ತಾರೆ. ಹುಡುಗ ಇಂಗ್ಲಿಷಿನಲ್ಲಿ ಒಂದೆರಡು ಪದ ಹೇಳಿ ಸುಮ್ಮನಾಗುತ್ತಾನೆ. ಅಜ್ಜಿ ಮತ್ತೆ ಕೇಳುತ್ತಾರೆ, ಅವನು ಮುಷ್ಟಿಯಿಂದ ಬಾಯಿಯ ಕಡೆ ಸನ್ನೆ ಮಾಡಿ ಊಟ ಆಯಿತು ಅನ್ನುತ್ತಾನೆ. ಪ್ರೀತಿಗೇನೂ ಕೊರತೆಯಿಲ್ಲ, ಮಾತೇ ಇಲ್ಲ. 2010ರ ಜನಗಣತಿಯಲ್ಲಿ ಶೇ. 14.3 ನಿವಾಸಿಗಳು ಮನೆಯಲ್ಲಿ ಹೆಚ್ಚಾಗಿ ಈ ಆಡುಭಾಷೆಗಳನ್ನು ಬಳಸುತ್ತಿದ್ದರು. 2020ರ ಹೊತ್ತಿಗೆ ಅದು ಶೇ. 8.7ಕ್ಕೆ ಇಳಿದಿತ್ತು. ಮ್ಯಾಂಡರಿನ್ ಕೂಡ ಶೇ. 29.9ಕ್ಕೆ ಕುಸಿದು ಇಂಗ್ಲಿಷ್ ಶೇ. 48.3ಕ್ಕೆ ಏರಿತು.

ಇದು ನಮಗೆ ಸಂಬಂಧಿಸದ ವಿಷಯ ಅನ್ನಬೇಡಿ. ಇಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳು ಎರಡನೆಯ ಭಾಷೆಯಾಗಿ ತಮಿಳು ಕಲಿಯಬಹುದು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಆ ತಿಯೋಚ್ಯೂ ಹುಡುಗ ಮ್ಯಾಂಡರಿನ್ ಕಲಿಯುವ ಹಾಗೆಯೇ ನಮ್ಮ ಮಕ್ಕಳೂ ಹಿಂದಿಯನ್ನೋ ತಮಿಳನ್ನೋ ಮಾತೃಭಾಷೆಯ ಹೆಸರಿನಲ್ಲಿ ಕಲಿತು ಪರೀಕ್ಷೆ ಬರೆಯುತ್ತಾರೆ. ಕನ್ನಡ ಉಳಿಯಬೇಕಾದರೆ ಮನೆ ಮತ್ತು ಸಂಘ, ಇವೆರಡೇ ದಿಕ್ಕು. ಈ ವಿಷಯದಲ್ಲಿ ಕನ್ನಡಿಗರೂ ಹೈನಾನೀಸರೂ ಹಕ್ಕಾಗಳೂ ಒಂದೇ ದೋಣಿಯಲ್ಲಿದ್ದೇವೆ. ಅವರ ಸಂಘ ತನ್ನ ನುಡಿಗೆ ಜಾಗ ಕೇಳಿದರೆ ನಮ್ಮ ಕೇಳಿಕೆಗೂ ಬಲ ಬರುತ್ತದೆ.

ಜಾಗ ಸಿಗುವ ಸೂಚನೆಗಳೂ ಇವೆ. ಆರೋಗ್ಯ ಯೋಜನೆಗಳ ವಿಷಯ ಹಿರಿಯರಿಗೆ ಮುಟ್ಟಿಸಲು 2016ರಲ್ಲಿ ಸರ್ಕಾರವೇ ಹೊಕ್ಕಿಯೆನ್ ಧಾರಾವಾಹಿಯೊಂದನ್ನು ಮಾಡಿಸಿತು. ಸಂಘಗಳಿಗೆ ಇಲ್ಲೇ ಒಂದು ದೊಡ್ಡ ಕೆಲಸ ಕಾದಿದೆ. ಸಿಂಗಪುರಕ್ಕೆ ಬೇಗ ಬೇಗ ವಯಸ್ಸಾಗುತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಹೈನಾನೀಸ್‌ನಲ್ಲಿ ತಿಳಿಸುವವರು, ಒಂಟಿ ಮುದುಕರ ಜೊತೆ ಹಕ್ಕಾದಲ್ಲಿ ಹರಟುವವರು ಬೇಕು. ಕಾಲೇಜು ಹುಡುಗರಿಗೆ ಭಾಷೆ ಕಲಿಸಿ ಈ ಕೆಲಸಕ್ಕೆ ಕಳಿಸಿದರೆ ನುಡಿಯೂ ಉಳಿಯುತ್ತದೆ, ಹಿರಿಯರಿಗೂ ನೆರವಾಗುತ್ತದೆ. ವರ್ಷಕ್ಕೊಮ್ಮೆ ಔತಣಕೂಟ ಮಾಡಿ ಪದಾಧಿಕಾರಿಗಳ ಫೋಟೊ ಅಚ್ಚು ಹಾಕಿಸುವ ಸಂಘಕ್ಕೆ ಹೊಸ ಹುಡುಗರು ಯಾಕೆ ಬರಬೇಕು? ನಮ್ಮ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ.

1986ರಲ್ಲಿ ಏಳು ದೊಡ್ಡ ಸಂಘಗಳು ಸೇರಿ ಒಕ್ಕೂಟ ಮಾಡಿಕೊಂಡವು, 2017ರಲ್ಲಿ ಸಿಂಗಪುರ ಚೀನೀ ಸಾಂಸ್ಕೃತಿಕ ಕೇಂದ್ರವೂ ಬಾಗಿಲು ತೆರೆಯಿತು. ದೊಡ್ಡ ಸಂಘಗಳಿಗೆ ಹಣದ ಚಿಂತೆಯಿಲ್ಲ. ನನಗೆ ಮರುಕವಾಗುವುದು ಹಳೆಯ ಕಟ್ಟಡದ ಮಹಡಿಯಲ್ಲಿ ನಾಲ್ಕಾರು ಮುದುಕರು ನಡೆಸುತ್ತಿರುವ ಸಣ್ಣ ಕುಲಸಂಘಗಳ ಬಗ್ಗೆ. ವಂಶಾವಳಿ, ನಡಾವಳಿ ಪುಸ್ತಕ, ದೇಣಿಗೆಯ ರಸೀದಿಗಳು ಅಲ್ಲಿನ ಕಬ್ಬಿಣದ ಬೀರುಗಳಲ್ಲಿ ಗೆದ್ದಲಿನ ಪಾಲಾಗುತ್ತಿರಬಹುದು. 1819ರಿಂದ 1911ರವರೆಗಿನ ಚೀನೀ ಶಾಸನಗಳನ್ನು ಇಲ್ಲಿನ ವಿದ್ವಾಂಸರು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಬಿ.ಎಲ್. ರೈಸ್ ನಮ್ಮ ಶಾಸನಗಳಿಗೆ ಮಾಡಿದ ಉಪಕಾರ ಬಲ್ಲವರಿಗೆ ಇದರ ಬೆಲೆ ಗೊತ್ತು. ಕಾಗದಪತ್ರಗಳಿಗೂ ಅಂಥ ಕೆಲಸ ತುರ್ತಾಗಿ ಆಗಬೇಕು.

ನಿಮ್ಮ ಆತಂಕವನ್ನು ನಾನು ತಳ್ಳಿಹಾಕುತ್ತಿಲ್ಲ. 1964ರಲ್ಲಿ ಚೀನೀಯರ ಮತ್ತು ಮಲಯರ ನಡುವಿನ ಗಲಭೆಗಳನ್ನು ಕಂಡ ದೇಶ ಇದು. ಫ್ಲ್ಯಾಟುಗಳಲ್ಲಿ ಒಂದೇ ಜನಾಂಗದವರು ಗುಂಪಾಗಬಾರದೆಂದು 1989ರಿಂದ ಕೋಟಾ ಇದೆ. ನಾಲ್ವರಲ್ಲಿ ಮೂವರು ಚೀನೀಯರಿರುವಾಗ ಅವರ ಸಂಘಗಳು ಚೀನಾ ಸರ್ಕಾರದ ದನಿಯಾದರೆ ಉಳಿದವರಿಗೆ ಅಂಜಿಕೆ ಸಹಜ. ರಬ್ಬರ್ ವ್ಯಾಪಾರಿ ತಾನ್ ಕಾ ಕೀ ಕಾಲದಲ್ಲಿ ಇಲ್ಲಿನ ಹಣ, ಮನಸ್ಸು ಎರಡೂ ಚೀನಾದ ಕಡೆ ಹರಿಯುತ್ತಿದ್ದವು. ಆತ 1921ರಲ್ಲಿ ಚೀನಾದಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯ ಕಟ್ಟಿಸಿದ. ಆಗ ಅದು ಸರಿಯಿತ್ತು. ಇಂದಿನ ತಿಯೋಚ್ಯೂ ಕುಟುಂಬದ ಊರು ಸಿಂಗಪುರವೇ. 2025ರ ಫೆಬ್ರುವರಿಯಲ್ಲಿ ಜನಾಂಗೀಯ ಸಾಮರಸ್ಯದ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಅದರಂತೆ ಜನಾಂಗದ ಆಧಾರದ ಸಂಘಗಳಿಂದ ಸರ್ಕಾರ ವಿದೇಶಿ ದೇಣಿಗೆಯ ಲೆಕ್ಕ ಕೇಳಬಹುದು. ಈ ಕಟ್ಟುಪಾಡು ನನಗೆ ಸರಿಯೆನ್ನಿಸುತ್ತದೆ. ಲೆಕ್ಕ ತೆರೆದಿಟ್ಟ ಸಂಘದ ಮೇಲೆ ಯಾರೂ ಅನುಮಾನಪಡಬೇಕಿಲ್ಲ.

ಈಗ ಚೀನಾದಿಂದ ಬರುತ್ತಿರುವ ಹೊಸಬರು ತಮ್ಮದೇ ಸಂಘ ಕಟ್ಟಿಕೊಳ್ಳುತ್ತಿದ್ದಾರೆ, 2001ರಲ್ಲಿ ಶುರುವಾದ ಹುವಾ ಯುವಾನ್ ಅದಕ್ಕೆ ಉದಾಹರಣೆ. ಇಲ್ಲೇ ಹುಟ್ಟಿದ ಚೀನೀಯರಿಗೂ ಅವರಿಗೂ ಅಷ್ಟಾಗಿ ಹೊಂದಾಣಿಕೆಯಿಲ್ಲ. ಪಕ್ಕದ ಮನೆಯ ಮಲಯರ ಜೊತೆ, ತಮಿಳರ ಜೊತೆ ಹೇಗೆ ಬಾಳಬೇಕೆಂದು ಈ ಹೊಸಬರಿಗೆ ಹೇಳಿಕೊಡಲು ಹಳೆಯ ಸಂಘಗಳಿಗಿಂತ ಯೋಗ್ಯರು ಯಾರು? ಹಡಗಿನಿಂದ ಇಳಿದವನ ಕೈಹಿಡಿಯುವುದೇ ಅವರ ಮೊದಲ ಕಸುಬಾಗಿತ್ತು.

ಕೊನೆಗೆ, ಭಾರತೀಯರಾಗಿ ನೀವೇನು ಮಾಡಬಹುದು ಎಂದೂ ಕೇಳಿದ್ದೀರಿ. 1922ರಲ್ಲಿ ತೆರೆದ ಬುಕಿಟ್ ಬ್ರೌನ್ ಸ್ಮಶಾನದಲ್ಲಿ ಸ್ವಯಂಸೇವಕರು ಜನರನ್ನು ಸುತ್ತಾಡಿಸಿ ಕಥೆ ಹೇಳುತ್ತಾರೆ. ಹೆದ್ದಾರಿಗಾಗಿ ಅಲ್ಲಿನ ಸಾವಿರಾರು ಗೋರಿಗಳನ್ನು ತೆಗೆದ ಮೇಲೂ ಬಹುಪಾಲು ಉಳಿದಿವೆ. ಕೆಲವು ಶ್ರೀಮಂತ ಚೀನೀಯರ ಗೋರಿಗಳ ಅಕ್ಕಪಕ್ಕ ಪೇಟ ಸುತ್ತಿದ, ಗಡ್ಡಬಿಟ್ಟ ಸಿಖ್ ಕಾವಲುಗಾರರ ಪ್ರತಿಮೆಗಳು ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಇದು ನಮ್ಮ ಕಥೆಯೂ ಹೌದೆಂದು ತೋರಿಸಿ. ಆಮೇಲೆ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ, ನೆರೆಯ ಯಾವುದಾದರೂ ಕುಲಸಂಘದೊಂದಿಗೆ ಜಂಟಿಯಾಗಿ ವಾರಾಂತ್ಯದ ಭಾಷಾ ತರಗತಿ ನಡೆಸೋಣವೇ ಎಂದು ಪ್ರಸ್ತಾಪಿಸಿ. ಒಂದು ಕೋಣೆಯಲ್ಲಿ ಕನ್ನಡ, ಪಕ್ಕದಲ್ಲಿ ತಿಯೋಚ್ಯೂ. ಬಾಡಿಗೆಯೂ ಅರ್ಧವಾಗುತ್ತದೆ.