ವರ್ಜೀನಿಯಾದ ಚೀಟಿ ನ್ಯೂಜೆರ್ಸಿಗೂ ಬರಲಿ ಬಿಡಿ

ಈ ಸಲದ ಪತ್ರ ಅಮೆರಿಕದ ಎಡಿಸನ್‌ನಿಂದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಸ್ವಲ್ಪ ಉದ್ದ, ಮುಖ್ಯ ಭಾಗ ಇಷ್ಟು:

“ಸಂಪಾದಕರಿಗೆ ನಮಸ್ಕಾರ. ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಮಕ್ಕಳ ರಜೆಗೆ ಕಾರಿನಲ್ಲಿ ದಕ್ಷಿಣದ ಕಡೆ ಹೊರಟಿದ್ದೆವು. ವರ್ಜೀನಿಯಾದ ಹೆದ್ದಾರಿಯಲ್ಲಿ 70 ಮೈಲಿ ಮಿತಿ ಇದ್ದ ಕಡೆ 88ರಲ್ಲಿ ಹೋದೆ ಅಂತ ಪೊಲೀಸರು ಹಿಡಿದರು. ದಂಡ ಕಟ್ಟಿ ಮುಗಿಸೋಣ ಅಂದರೆ ಕೋರ್ಟಿಗೆ ಬರಬೇಕಂತೆ! ಕನ್ನಡ ಕೂಟದ ಗೆಳೆಯರೊಬ್ಬರು ‘ಆ ಕಾಗದ ಕಸದಬುಟ್ಟಿಗೆ ಹಾಕು, ಬೇರೆ ರಾಜ್ಯದ್ದು ಇಲ್ಲಿಗೆ ಗೊತ್ತಾಗಲ್ಲ’ ಅಂತಾರೆ. ಇನ್ನೊಬ್ಬರು ಲೈಸೆನ್ಸೇ ಹೋಗುತ್ತೆ ಅಂತ ಹೆದರಿಸ್ತಾರೆ. ನನಗೆ ಲೈಸೆನ್ಸು ಕೊಟ್ಟಿದ್ದು ನ್ಯೂಜೆರ್ಸಿ. ವರ್ಜೀನಿಯಾಕ್ಕೂ ಅದಕ್ಕೂ ಏನು ಸಂಬಂಧ? ಹೊರಗಿನ ನಂಬರ್ ಪ್ಲೇಟ್ ನೋಡಿ ಹಿಡಿಯೋದು ಅನ್ಯಾಯ ಅಲ್ವಾ?”

ಸ್ವಾಮಿ, ಟ್ರಾಫಿಕ್ ಚೀಟಿ ಬಂದಾಗ ಕನ್ನಡ ಪತ್ರಿಕೆಯ ಸಂಪಾದಕನಿಗೆ ಬರೆದ ಮೊದಲ ಓದುಗರು ನೀವೇ ಇರಬೇಕು. ಒಳ್ಳೆಯದೇ ಆಯಿತು. ಈ ವಿಷಯದಲ್ಲಿ ನನಗೆ ಹೇಳುವುದು ಬಹಳ ಇದೆ. ಹೇಳಲು ಒಂದು ನೆಪ ಬೇಕಿತ್ತು, ಕೊಟ್ಟಿರಿ.

ಮೊದಲು ನಿಮ್ಮ ಕಡೆಯ ನ್ಯಾಯ ಒಪ್ಪಿಕೊಂಡುಬಿಡುತ್ತೇನೆ. ಹೊರಗಿನಿಂದ ಬಂದವನು ಕೋರ್ಟಿಗಾಗಿ ಮತ್ತೆ ನೂರಾರು ಮೈಲಿ ವಾಪಸ್ ಹೋಗಬೇಕು, ರಜೆ ಹಾಕಬೇಕು, ವಕೀಲರಿಗೆ ಕೊಡಬೇಕು. ಅಲ್ಲೇ ಇರುವವನಿಗೆ ಅದು ಒಂದು ಬೆಳಗಿನ ಕೆಲಸ. ದಂಡದ ದುಡ್ಡಿನ ಮೇಲೆ ಕಣ್ಣಿಟ್ಟ ಸಣ್ಣ ಊರುಗಳೂ ಅಮೆರಿಕದಲ್ಲಿ ಇಲ್ಲದೇ ಇಲ್ಲ. ದಂಡ ಕಟ್ಟಲು ಕೈಲಾಗದ ಬಡವನ ಲೈಸೆನ್ಸು ಅಮಾನತಾದರೆ ಅವನು ಕೆಲಸಕ್ಕೇ ಹೋಗುವಂತಿಲ್ಲ, ಅದು ನಿಜಕ್ಕೂ ಕಷ್ಟ. ಇಷ್ಟು ಒಪ್ಪಿದೆ. ಆದರೆ ನೀವು ಬಡವರಲ್ಲ, 88ರಲ್ಲಿ ಹೋಗಿರಲಿಲ್ಲ ಅಂತಲೂ ಪತ್ರದಲ್ಲಿ ಎಲ್ಲೂ ಬರೆದಿಲ್ಲ.

ನಿಮ್ಮ ಲೆಕ್ಕ ನನಗೆ ಅರ್ಥವಾಗುತ್ತದೆ. 70ಕ್ಕೆ 88 ಅಂದರೆ ಬರೀ 18 ಮೈಲಿ ಜಾಸ್ತಿ. ನ್ಯೂಜೆರ್ಸಿಯಲ್ಲಾಗಿದ್ದರೆ ಸಾಮಾನ್ಯ ವೇಗದ ಚೀಟಿ, ದುಡ್ಡು ಕಟ್ಟಿ ಮುಗಿಸಬಹುದಿತ್ತು. ವರ್ಜೀನಿಯಾದ ಕಾನೂನು ಬೇರೆ. ಅಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು ಹೋದರೂ, ಮಿತಿ ಎಷ್ಟೇ ಇರಲಿ 85 ದಾಟಿದರೂ, ಅದು ‘ರೆಕ್‌ಲೆಸ್ ಡ್ರೈವಿಂಗ್’, ಅಂದರೆ ಅಜಾಗರೂಕ ಚಾಲನೆ. ನೀವು ಎರಡನೆಯದಕ್ಕೆ ಸಿಕ್ಕಿದ್ದೀರಿ. 2020ರ ಜುಲೈವರೆಗೆ ಆ ಗೆರೆ 80ಕ್ಕೇ ಇತ್ತು, ಈಗ ಸಡಿಲ ಮಾಡಿದ್ದಾರೆ. ಇದು ಬರೀ ದಂಡದ ವಿಷಯ ಅಲ್ಲ, ಕ್ರಿಮಿನಲ್ ಅಪರಾಧ. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಹಾಕಲು ಅವಕಾಶವಿದೆ. 88 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 142 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು ಅಂತ ನೀವೇ ಬರೆದಿದ್ದೀರಿ.

ಈಗ ಕಸದಬುಟ್ಟಿಯ ಗೆಳೆಯರ ವಿಷಯ. ಅವರ ಮಾತು ಕೇಳಬೇಡಿ. ಅಮೆರಿಕದ ರಾಜ್ಯಗಳ ನಡುವೆ ‘ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್’ ಅಂತ ಒಪ್ಪಂದ ಇದೆ. 1960ರ ದಶಕದ್ದು. ಜಾರ್ಜಿಯಾ, ವಿಸ್ಕಾನ್ಸಿನ್ ಥರದ ಕೆಲವು ಹೊರಗಿವೆ, ಉಳಿದ ಹೆಚ್ಚಿನ ರಾಜ್ಯಗಳು ಒಳಗಿವೆ. ನಿಮ್ಮ ನ್ಯೂಜೆರ್ಸಿ, ಆ ವರ್ಜೀನಿಯಾ ಎರಡೂ ಇವೆ. ‘ಒಬ್ಬ ಚಾಲಕ, ಒಂದು ಲೈಸೆನ್ಸು, ಒಂದು ದಾಖಲೆ’ ಅನ್ನುವುದು ಅದರ ಘೋಷಣೆ. ತಪ್ಪು ನಡೆದ ರಾಜ್ಯ ನಿಮ್ಮ ರಾಜ್ಯಕ್ಕೆ ತಿಳಿಸುತ್ತದೆ. ಕುಡಿದು ಓಡಿಸುವುದು, ಗುದ್ದಿ ಓಡಿಹೋಗುವುದು, ಗಾಡಿಯಿಂದ ಜೀವ ತೆಗೆಯುವುದು, ಇಂಥ ದೊಡ್ಡ ತಪ್ಪಾದರೆ ಅದು ಸ್ವಂತ ಊರಿನಲ್ಲೇ ನಡೆದಂತೆ ಲೆಕ್ಕ. ಇನ್ನೊಂದು ಒಪ್ಪಂದ 1977ರದ್ದು, ಹೊರ ರಾಜ್ಯದ ಚೀಟಿಗೆ ಉತ್ತರವನ್ನೇ ಕೊಡದವರಿಗಾಗಿ ಮಾಡಿದ್ದು. ಕ್ಯಾಲಿಫೋರ್ನಿಯಾ, ಮಿಷಿಗನ್ ಅದರಲ್ಲಿಲ್ಲ. ನಿಮ್ಮ ಎರಡೂ ರಾಜ್ಯಗಳು ಇವೆ. ಅದರ ಪ್ರಕಾರ ನೀವು ಚೀಟಿ ಕಸಕ್ಕೆ ಹಾಕಿದರೆ, ಅದನ್ನು ಇತ್ಯರ್ಥ ಮಾಡಿಕೊಳ್ಳುವವರೆಗೆ ನಿಮ್ಮ ರಾಜ್ಯವೇ ನಿಮ್ಮ ಲೈಸೆನ್ಸು ಅಮಾನತು ಮಾಡಬಹುದು. ನಿಮ್ಮದು ಕ್ರಿಮಿನಲ್ ಕೇಸಾದ್ದರಿಂದ ಕೋರ್ಟಿಗೆ ಹೋಗದಿದ್ದರೆ ವಾರಂಟ್ ಕೂಡ ಹೊರಡಬಹುದು. ಹಾಗಾಗಿ ಆ ಇನ್ನೊಬ್ಬ ಗೆಳೆಯರು ಸುಮ್ನೆ ಹೆದರಿಸಿಲ್ಲ.

ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿಗೆ ಹೋಗಬೇಕು. ನನಗೆ ಹತ್ತು ವರ್ಷ. ನಾವು ಮೂರು ಜನ ಹುಡುಗರು ಪಕ್ಕದೂರಿನ ತೋಟಕ್ಕೆ ನುಗ್ಗಿ ಮಾವಿನಕಾಯಿ ಕಿತ್ತೆವು. ತೋಟದ ಯಜಮಾನ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಪ್ಪನ ಹೆಸರು ಮಾತ್ರ ಕೇಳಿಕೊಂಡ. ನಾವು ಬದುಕಿದೆವು ಅಂದುಕೊಂಡು ನಗುತ್ತಾ ಗದ್ದೆ ಬದುವಿನ ಮೇಲೆ ನಡೆದು ಬಂದೆವು. ಸಂಜೆಯ ಬಸ್ಸು ನಮಗಿಂತ ಮುಂಚೆ ಬಂದಿತ್ತು, ಕಂಡಕ್ಟರ್ ಸುದ್ದಿ ಇಳಿಸಿ ಹೋಗಿದ್ದ. ಅಪ್ಪ ಜಗಲಿ ಮೇಲೆ ಕೂತಿದ್ದರು. ಆ ಯಜಮಾನನ ಊರಿನಲ್ಲಿ ಮಾವಿನಕಾಯಿಗೆ ಏನು ಶಿಕ್ಷೆಯೋ ಗೊತ್ತಿಲ್ಲ, ನನಗೆ ಸಿಕ್ಕಿದ್ದು ಅಪ್ಪನ ರೇಟಿನದು. ಅಮೆರಿಕದವರು ಕಾಗದದ ಮೇಲೆ ಬರೆದು ಮಾಡಿಕೊಂಡಿದ್ದನ್ನು ನಮ್ಮೂರಿನ ಕಂಡಕ್ಟರ್ ಬಾಯಿಮಾತಿನಲ್ಲೇ ನಡೆಸುತ್ತಿದ್ದ.

ಆದರೆ ಅಮೆರಿಕದ ಎಲ್ಲ ಅಪ್ಪಂದಿರೂ ನಮ್ಮಪ್ಪನ ಥರ ಅಲ್ಲ. ನಿಮ್ಮ ನ್ಯೂಜೆರ್ಸಿಯನ್ನೇ ನೋಡಿ. 18 ಮೈಲಿ ಹೆಚ್ಚು ವೇಗ ರಾಜ್ಯದೊಳಗೆ ಆದರೆ ಲೈಸೆನ್ಸಿನ ದಾಖಲೆಗೆ ತಪ್ಪಿನ ಲೆಕ್ಕವಾಗಿ 4 ಅಂಕ. ರೆಕ್‌ಲೆಸ್ ಆದರೆ 5. ಹೊರ ರಾಜ್ಯದಲ್ಲಿ ಗಾಡಿ ಓಡಿಸುವಾಗ ಮಾಡಿದ ಸಾಮಾನ್ಯ ತಪ್ಪಿಗೆ ಬರೀ 2. ಅನ್ಯಾಯ ಅಂತೀರಲ್ಲ, ಇದು ರಿಯಾಯಿತಿ ಅಲ್ವಾ? ಮೂರು ವರ್ಷದಲ್ಲಿ 6 ಅಂಕವಾದರೆ ಸರ್‌ಚಾರ್ಜ್ ಅನ್ನುವ ಹೆಚ್ಚುವರಿ ಶುಲ್ಕ ಶುರು, ಒಟ್ಟು 12 ಆದರೆ ಲೈಸೆನ್ಸು ಅಮಾನತು. ಒಂದು ವರ್ಷ ಯಾವ ತಪ್ಪೂ ಇಲ್ಲದೆ ಓಡಿಸಿದರೆ 3 ಅಂಕ ಕಳೆಯುತ್ತಾರೆ. ಅಂದರೆ ವರ್ಜೀನಿಯಾದಿಂದ ನಿಮ್ಮ ಲೆಕ್ಕಕ್ಕೆ ಬರುವುದು ಒಂದು ವರ್ಷದ ಒಳ್ಳೆಯತನದಲ್ಲಿ ಅಳಿಸಿಹೋಗುವಷ್ಟು. ವಿಮೆಯವರು ಮಾತ್ರ ಅಷ್ಟು ಬೇಗ ಮರೆಯುವುದಿಲ್ಲ. ಕ್ರಿಮಿನಲ್ ದಾಖಲೆಯೂ ಹಾಗೆ ಅಳಿಸುವುದಿಲ್ಲ. ಅದು ಅಂಕದ ಲೆಕ್ಕವೇ ಅಲ್ಲ.

ನಿಮ್ಮ ಪಕ್ಕದ ನ್ಯೂಯಾರ್ಕ್ ಇನ್ನೂ ತಮಾಷೆ. ಬೇರೆ ರಾಜ್ಯದಲ್ಲಿ ಸಾಮಾನ್ಯ ವೇಗದ ತಪ್ಪು ಮಾಡಿದರೆ ಅದು ತನ್ನ ಜನಕ್ಕೆ ಅಂಕವನ್ನೇ ಹಾಕುವುದಿಲ್ಲ. ಕೆನಡಾದ ಒಂಟಾರಿಯೊ, ಕ್ವಿಬೆಕ್‌ನಲ್ಲಿ ಮಾಡಿದರೆ ಮಾತ್ರ ಹಾಕುತ್ತದೆ! ಪಕ್ಕದ ಮನೆಯವರು ದೂರು ತಂದರೆ ಬಾಗಿಲು ಮುಚ್ಚಿಕೊಂಡು, ಪಕ್ಕದೂರಿನವರು ತಂದರೆ ಕೂರಿಸಿ ಕಾಫಿ ಕೊಟ್ಟ ಹಾಗೆ.

ಸುದ್ದಿ ಮನೆ ಮುಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಘಟನೆ ಇದೆ. 2019ರ ಜೂನ್ 21. ನ್ಯೂಹ್ಯಾಂಪ್‌ಶೈರ್‌ನ ರ‍್ಯಾಂಡಾಲ್ಫ್ ಹತ್ತಿರ ಟ್ರೈಲರ್ ಕಟ್ಟಿದ ಒಂದು ಪಿಕಪ್ ಟ್ರಕ್ಕು, ಎದುರಿನಿಂದ ಬರುತ್ತಿದ್ದ ಮೋಟಾರ್‌ಸೈಕಲ್ ಗುಂಪು. ಡಿಕ್ಕಿಯಾಗಿ ಏಳು ಜನ ಸತ್ತರು. ಟ್ರಕ್ ಓಡಿಸುತ್ತಿದ್ದವನ ಲೈಸೆನ್ಸು ಮ್ಯಾಸಚೂಸೆಟ್ಸ್‌ನದು. ಆರೇಳು ವಾರ ಮೊದಲು ಕನೆಕ್ಟಿಕಟ್‌ನಲ್ಲಿ ಅಮಲಿನಲ್ಲಿ ಗಾಡಿ ಓಡಿಸಿದ ಆರೋಪದ ಮೇಲೆ ಅವನ ಬಂಧನವಾಗಿತ್ತು. ಕನೆಕ್ಟಿಕಟ್ ತಿಳಿಸಿತ್ತು. ಮ್ಯಾಸಚೂಸೆಟ್ಸ್‌ನ ಲೈಸೆನ್ಸು ಕಚೇರಿ ಅದರ ಮೇಲೆ ಏನೂ ಮಾಡಿರಲಿಲ್ಲ. ಕೆದಕಿ ನೋಡಿದರೆ ಬೇರೆ ರಾಜ್ಯಗಳಿಂದ ಬಂದ ಸಾವಿರಗಟ್ಟಲೆ ನೋಟಿಸುಗಳು ಡಬ್ಬಗಳಲ್ಲಿ ಕೂತಿದ್ದವು, ಯಾರೂ ಅವುಗಳ ಮೇಲೆ ಕ್ರಮ ತೆಗೆದುಕೊಂಡಿರಲಿಲ್ಲ. ಕಚೇರಿಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಆಮೇಲೆ ಅವಸರದಲ್ಲಿ ಸಾವಿರಕ್ಕೂ ಹೆಚ್ಚು ಚಾಲಕರ ಲೈಸೆನ್ಸು ಅಮಾನತಾಯಿತು. ಆ ಚಾಲಕನನ್ನು 2022ರಲ್ಲಿ ಜ್ಯೂರಿ ನಿರ್ದೋಷಿ ಅಂದಿತು, ಅದನ್ನೂ ಹೇಳಬೇಕು. ಆದರೆ ಅವನು ಆ ದಿನ ಸ್ಟೀರಿಂಗ್ ಹಿಂದೆ ಕೂರಬೇಕಿತ್ತೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಬೇಕಾದ ಸುದ್ದಿಯನ್ನು ಕಚೇರಿ ಹಾಗೇ ಬಿಟ್ಟಿತ್ತು. ಅಲ್ಲಿ ಯಾರೂ ಬೇಕಂತ ಕಸದಬುಟ್ಟಿಗೆ ಹಾಕಿರಲಿಲ್ಲ ಅನ್ನಿ. ನಿಮ್ಮ ಗೆಳೆಯರು ಬೇಕಂತಲೇ ಹಾಕು ಅಂತಿದ್ದಾರೆ.

ಇನ್ನು ನನ್ನ ತಪ್ಪೊಪ್ಪಿಗೆ. ತೊಂಬತ್ತರ ದಶಕದಲ್ಲಿ ನಾವು ನಾಲ್ಕು ಜನ ಗೆಳೆಯರು ಮೈಸೂರಿನಿಂದ ಊಟಿಗೆ ಹೋಗಿದ್ದೆವು. ಓಡಿಸುತ್ತಿದ್ದವನು ತಿರುವಿನಲ್ಲಿ ಲಾರಿ ಹಿಂದೆ ಹಾಕಲು ಹೋಗಿ ಸಿಕ್ಕಿಬಿದ್ದ. ಪೊಲೀಸರು ಲೈಸೆನ್ಸು ತೆಗೆದುಕೊಂಡು ಚೀಟಿ ಕೊಟ್ಟರು, ಕೋರ್ಟಿಗೆ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಿ ಅಂದರು. ಅದು ಪುಸ್ತಕದ ಥರದ ಲೈಸೆನ್ಸು, ಒಳಗೆ ಫೋಟೊ ಅಂಟಿಸಿದ್ದು. ಊರಿಗೆ ಬಂದ ಮೇಲೆ ಅವನು ಹೇಳಿದ: “ಯಾರು ಅಲ್ಲಿವರೆಗೆ ಹೋಗ್ತಾರೋ? ಕಳೆದುಹೋಯ್ತು ಅಂತ ಕಂಪ್ಲೇಂಟ್ ಕೊಟ್ಟು ಡೂಪ್ಲಿಕೇಟ್ ಮಾಡಿಸ್ತೀನಿ.” ಆಗ ಹೀಗೆ ಮಾಡಿದವರು ಅವನೊಬ್ಬನೇ ಅಲ್ಲ. ಕಂಪ್ಲೇಂಟ್ ಬರೆದುಕೊಟ್ಟವನು ನಾನು. ಗುಂಪಿನಲ್ಲಿ ನನ್ನ ಕನ್ನಡವೇ ಚೆನ್ನಾಗಿತ್ತು. ‘ಮಾನ್ಯರೇ, ಬಸ್ಸಿನಲ್ಲಿ ಪ್ರಯಾಣಿಸುವಾಗ ಅಚಾತುರ್ಯದಿಂದ ನನ್ನ ಚಾಲನಾ ಪರವಾನಗಿ ಪತ್ರ ಕಳೆದುಹೋಗಿರುತ್ತದೆ’ ಅಂತ ಅಲಂಕಾರ ಮಾಡಿ ಬರೆದೆ. ಡೂಪ್ಲಿಕೇಟ್ ಬಂತು. ಅದರಲ್ಲಿ ನೀಲಗಿರಿಯ ತಿರುವಿನ ಸುಳಿವೇ ಇರಲಿಲ್ಲ.

ಅದರ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ. ಅದಕ್ಕೇ ಇಷ್ಟು ಜೋರಾಗಿ ಬರೆಯುತ್ತಿದ್ದೇನೆ ಅಂತ ನೀವು ಅಂದರೂ ತಪ್ಪಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಎಲ್ಲಿ ಮಾಡಿಸಿದ ಲೈಸೆನ್ಸಾದರೂ ಇಡೀ ದೇಶಕ್ಕೆ ನಡೆಯುತ್ತದೆ. ನಿಮ್ಮ ‘ಏನು ಸಂಬಂಧ’ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ ನೋಡಿ: ನ್ಯೂಜೆರ್ಸಿಯ ಲೈಸೆನ್ಸನ್ನು ವರ್ಜೀನಿಯಾ ಒಪ್ಪಿಕೊಂಡಿದ್ದಕ್ಕೇ ನೀವು ಆ ರಸ್ತೆಯಲ್ಲಿ ಗಾಡಿ ಓಡಿಸಿದಿರಿ. ಸೌಲಭ್ಯಕ್ಕೆ ಗಡಿ ಬೇಡ, ತಪ್ಪಿಗೆ ಮಾತ್ರ ಬೇಕು ಅಂದರೆ ಹೇಗೆ? 2019ರ ತಿದ್ದುಪಡಿಯಲ್ಲಿ ಅತಿವೇಗ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು ಇಂಥವಕ್ಕೆ ಪೊಲೀಸರು ಲೈಸೆನ್ಸು ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳಿಸಬೇಕು ಅಂತ ಬರೆದರು. ಈಗ ‘ಸಾರಥಿ’, ‘ವಾಹನ್’ ಅಂತ ದೇಶಕ್ಕೆಲ್ಲ ಸೇರಿದ ಕಂಪ್ಯೂಟರ್ ದಾಖಲೆಯೂ ಇದೆ. ಆದರೆ ನಡೆಯುತ್ತಿರುವುದು ಏನು? ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು, ಮುಖವನ್ನಲ್ಲ. ದಂಡ ಗಾಡಿಗೆ ಅಂಟಿಕೊಳ್ಳುತ್ತದೆ, ಓಡಿಸಿದವನ ಲೈಸೆನ್ಸು ಶುಭ್ರವಾಗಿ ಜೇಬಿನಲ್ಲಿರುತ್ತದೆ.

ಕೇರಳ 2023ರ ಜೂನ್‌ನಲ್ಲಿ 726 ಕ್ಯಾಮೆರಾ ಇಟ್ಟು ದಂಡ ಶುರು ಮಾಡಿದ ಮೇಲೆ ನಾನು ಮಂಗಳೂರಿನಿಂದ ಕಾಸರಗೋಡಿಗೆ ಹೋಗಿದ್ದೆ. ತಲಪಾಡಿಯಲ್ಲಿ ಚಹಾ ಕುಡಿಯುತ್ತಾ ನಿಂತು ನೋಡಿದೆ. ನಮ್ಮ ಕಡೆಯಿಂದ ಬಂದ ಹುಡುಗರು ಬೈಕ್ ನಿಲ್ಲಿಸಿ ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡರು. ಆ ಕಡೆಯಿಂದ ಬಂದವರು ಗಡಿ ದಾಟಿದ್ದೇ ತೆಗೆದರು. ತಲೆ ಅದೇ, ಟಾರ್ ರೋಡೂ ಅದೇ.

ಅವರನ್ನು ಬೈದು ಏನು ಬಂತು? ಹೊಸ ದಂಡ 2019ರ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು, ಅದೇ ತಿಂಗಳು ಮುಗಿಯುವ ಮೊದಲು ನಮ್ಮ ರಾಜ್ಯ ಇಳಿಸಿತು. ಹೆಲ್ಮೆಟ್ಟಿನ ಸಾವಿರ ಐನೂರಾಯಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ. ಜನ ಸೀರೆ ಅಂಗಡಿಯ ಆಷಾಢದ ಸೇಲಿಗೆ ನಿಂತ ಹಾಗೆ ಸಾಲು ನಿಂತರು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಸೇಲು. ಅವತ್ತವತ್ತೇ ಪೂರ್ತಿ ದಂಡ ಕಟ್ಟಿದ ನನ್ನಂಥವರು ಪೆದ್ದರಾದೆವು. ಕಟ್ಟದೆ ಕೂತವನು ಜಾಣ. ದಂಡವನ್ನು ಕರೆಂಟ್ ಬಿಲ್ಲಿನ ಬಾಕಿಯ ಥರ ವಸೂಲಿ ಮಾಡುವ ಸರ್ಕಾರಕ್ಕೆ ಲೈಸೆನ್ಸಿನ ಮೇಲೆ ಬರೆಯುವ ಮನಸ್ಸು ಎಲ್ಲಿಂದ ಬರಬೇಕು? ಬರೆದರೆ ದುಡ್ಡು ಬರುವುದಿಲ್ಲವಲ್ಲ. ಗಾಜಿನ ಮೇಲೆ ‘ಪ್ರೆಸ್’ ಅಂತ ಅಂಟಿಸಿಕೊಂಡು ಓಡಾಡುವ ನಮ್ಮವರ ಬಗ್ಗೆ ಬರೆಯಲು ಹೋದರೆ ಜಾಗ ಸಾಲುವುದಿಲ್ಲ. ಅದಕ್ಕೆ ಇನ್ನೊಂದು ಪತ್ರ ಬರಲಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಾನು ವಕೀಲನಲ್ಲ, ವರ್ಜೀನಿಯಾದ ಒಬ್ಬ ಒಳ್ಳೆಯ ವಕೀಲರನ್ನು ಹಿಡಿಯಿರಿ. ಇಂಥ ಕೇಸಿನಲ್ಲಿ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸಿ, ಚಾಲನೆಯ ತರಗತಿಗೆ ಹೋಗಿ ಬಂದ ಕಾಗದ ತೋರಿಸಿ, ಆರೋಪವನ್ನು ಸಾಮಾನ್ಯ ವೇಗದ ತಪ್ಪಿಗೆ ಇಳಿಸಿ ಅಂತ ಕೇಳುವುದು ಅಲ್ಲಿ ರೂಢಿ. ಗ್ರೀನ್ ಕಾರ್ಡ್ ಅರ್ಜಿ ಏನಾದರೂ ಇದ್ದರೆ ಅದನ್ನು ನೋಡಿಕೊಳ್ಳುವ ವಕೀಲರಿಗೂ ಈಗಲೇ ಹೇಳಿ. ಕೋರ್ಟಿನ ದಿನ ತಪ್ಪಿಸಬೇಡಿ. ನೀವು ಪ್ರಶ್ನೆ ಕೇಳಿದಿರಿ, ಕಸಕ್ಕೆ ಹಾಕಿ ಸುಮ್ಮನಿರಲಿಲ್ಲ. ನಾನು ಊಟಿಯಿಂದ ಬಂದಾಗ ಅಷ್ಟೂ ಮಾಡಿರಲಿಲ್ಲ.

ನಿಮ್ಮ ಪತ್ರವನ್ನು ಮೊನ್ನೆ ಆ ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಈಗ ಮೊಮ್ಮಗಳನ್ನು ಶಾಲೆಗೆ ಬಿಡುವಾಗ ನಲವತ್ತು ದಾಟುವುದಿಲ್ಲ. ಪೂರ್ತಿ ಕೇಳಿಸಿಕೊಂಡು ಮೊದಲು ಕೇಳಿದ್ದು: “ನಿಜವಾಗಲೂ ನ್ಯೂಜೆರ್ಸಿಗೆ ಗೊತ್ತಾಗುತ್ತೇನೋ?” ಗೊತ್ತಾಗುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ತನ್ನ ಹಳೇ ಲೈಸೆನ್ಸು ಇನ್ನೂ ಅಲ್ಲೇ ಯಾವುದೋ ಬೀರುವಿನಲ್ಲಿ ಇರಬಹುದಾ ಅಂದ. ಅದರ ಫೋಟೊದಲ್ಲಿ ತಲೆತುಂಬ ಕೂದಲಿತ್ತಂತೆ. ವಾಪಸ್ ಸಿಗುವುದಾದರೆ ಈಗಲೂ ಹೋಗಿ ದಂಡ ಕಟ್ಟುತ್ತಾನಂತೆ.