ಎಮ್ಮೆಲ್ಲೆಗಳಿಗೆ ಗೊತ್ತಿರೋ ಪ್ರಜಾಪ್ರಭುತ್ವ

ಪ್ರಶ್ನೆ: ಸರ್, ಓಟು ಕೇಳೋವಾಗ ಮತದಾರನೇ ದೇವ್ರು ಅಂತಾರೆ, ಗೆದ್ದ ಮೇಲೆ ರೆಸಾರ್ಟ್ ಸೇರ್ತಾರೆ. ನಮ್ಮ ಶಾಸಕರಿಗೆ ಪ್ರಜಾಪ್ರಭುತ್ವ ಅಂದ್ರೆ ಏನಂತ ಗೊತ್ತಿದ್ಯಾ?
– ಓದುಗರು, ಹಾವೇರಿ

ಉತ್ತರ: ಗೊತ್ತಿಲ್ದೆ ಏನು, ಎಲೆಕ್ಷನ್ ಗೆಲ್ಲೋ ಭಾಗ ಚೆನ್ನಾಗೇ ಗೊತ್ತಿದೆ, ಯಾವ ಬೂತಲ್ಲಿ ಯಾವ ಜಾತಿ ಓಟು ಎಷ್ಟು ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತಾರೆ. ಆದ್ರೆ ಸದನದಲ್ಲಿ ಕೂತು ಬಿಲ್ ಓದೋದು, ಮಂತ್ರಿಗಳನ್ನ ನಿಲ್ಸಿ ಕೇಳೋದು ಇದ್ಯಲ್ಲ, ಅದ್ರ ಮೇಲೆ ಆಸಕ್ತಿ ಇರೋರು ಕಮ್ಮಿ.

2025ರ ಮಾರ್ಚ್ 21 ನೆನಪು ಮಾಡ್ಕೊಳಿ. ವಿಧಾನಸಭೇಲಿ ಹನಿಟ್ರ್ಯಾಪ್ ವಿಚಾರಕ್ಕೆ ಗಲಾಟೆ, ಸ್ಪೀಕರ್ ಪೀಠದ ಕಡೆ ಪೇಪರ್ ಹರಿದು ಎಸೆದಿದ್ದು, ಬಿಜೆಪಿಯ 18 ಜನ ಆರು ತಿಂಗಳು ಸಸ್ಪೆಂಡ್ (ಮೇ ತಿಂಗಳಲ್ಲೇ ವಾಪಸ್ ತಗೊಂಡ್ರು ಬಿಡಿ), ಇಷ್ಟೆಲ್ಲದ ಮಧ್ಯೆ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸೋ ಬಿಲ್ ಚರ್ಚೆನೇ ಇಲ್ದೆ ಪಾಸಾಗೋಯ್ತು. ಸಂಬಳ ಜಾಸ್ತಿ ಆಗ್ಲಿ, ನನ್ನ ತಕರಾರಿಲ್ಲ. ಯಾಕೆ ಬೇಕು ಅಂತ ನಮ್ಮೆದುರು ಎದ್ದು ನಿಂತು ಹೇಳೋಕೇನು ಕಷ್ಟ?

ಇನ್ನು ರೆಸಾರ್ಟ್ ವಿಚಾರ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಾನ ವಜಾ ಮಾಡಿದ್ರು, ಆ ಕೇಸಲ್ಲೇ 1994ರಲ್ಲಿ ಸುಪ್ರೀಂ ಕೋರ್ಟು ಬಹುಮತ ಇದ್ಯೋ ಇಲ್ವೋ ಅನ್ನೋದು ಸದನದಲ್ಲೇ ತೀರ್ಮಾನ ಆಗ್ಬೇಕು, ರಾಜಭವನದಲ್ಲಲ್ಲ ಅಂದಿದ್ದು. ಇಡೀ ದೇಶಕ್ಕೆ ಆ ತೀರ್ಪು ಸಿಕ್ಕಿದ್ದು ನಮ್ಮ ರಾಜ್ಯದ ಕೇಸಿಂದ, ಆದ್ರೆ 2019ರಲ್ಲಿ ನಮ್ಮ ಆಡಳಿತ ಪಕ್ಷಗಳ ಶಾಸಕರೇ ಕೆಲವ್ರು ರಾಜೀನಾಮೆ ಕೊಟ್ಟು, ಸದನ ಬಿಟ್ಟು ಮುಂಬೈ ಹೋಟೆಲಲ್ಲಿ ಕೂತ್ರು, ಜುಲೈ 23ಕ್ಕೆ 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಸ್ಪೀಕರ್ 17 ಜನರನ್ನ ಅನರ್ಹ ಮಾಡಿದ್ರು. ಡಿಸೆಂಬರ್ ಉಪಚುನಾವಣೇಲಿ ಅವ್ರಲ್ಲಿ ಹೆಚ್ಚಿನೋರು ಬಿಜೆಪಿ ಟಿಕೆಟಲ್ಲಿ ನಿಂತು ಗೆದ್ದೂ ಬಂದ್ರು, ನಿಮ್ಮ ಜಿಲ್ಲೆ ಹಿರೇಕೆರೂರಲ್ಲೂ ಅದೇ ಆಗಿದ್ದು. ಬೇಜಾರು ಮಾಡ್ಕೋಬೇಡಿ, ಗೆಲ್ಸಿದ್ದು ನೀವು ಹೇಳ್ತೀರಲ್ಲ ಆ ದೇವ್ರುಗಳೇ.

ಪ್ರಶ್ನೆ: ಪಕ್ಷಾಂತರ ನಿಷೇಧ ಕಾಯ್ದೆ ಇದ್ರೂ ಹಿಂಗ್ಯಾಕೆ?
– ಓದುಗರು, ತಿಪಟೂರು

ಉತ್ತರ: 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ ಸೇರಿಸಿ ತಂದ ಕಾಯ್ದೆ ಅದು. ಅದ್ರ ಎಡವಟ್ಟು ನೋಡಿ, ಪಾರ್ಟಿಲೇ ಇದ್ಕೊಂಡು ಒಂದು ಕೆಟ್ಟ ಬಿಲ್ಲಿಗೆ ವಿಪ್ (ಹಿಂಗೇ ಓಟು ಹಾಕ್ಬೇಕು ಅನ್ನೋ ಪಾರ್ಟಿ ಆದೇಶ) ಮೀರಿ ಓಟು ಹಾಕಿದ್ರೆ ಸೀಟೇ ಹೋಗ್ಬೋದು, ಅದೇ ರಾಜೀನಾಮೆ ಕೊಟ್ಟು ಆ ಕಡೆಯಿಂದ ಗೆದ್ದು ಬಂದ್ರೆ ಮಂತ್ರಿನೇ ಆಗ್ಬೋದು. ಹಿಂಗಿರೋವಾಗ ಬಾಯಿ ಬಿಟ್ಟು ಮಾತಾಡೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ. ವಿಶ್ವಾಸಮತ, ಹಣಕಾಸು ಬಿಲ್ಲಿನಂಥ ಕೆಲವಕ್ಕೆ ಮಾತ್ರ ಈ ಶಿಕ್ಷೆ ಸಾಕು ಅಂತ 1990ರಲ್ಲೇ ಚುನಾವಣಾ ಸುಧಾರಣೆಗೆ ಅಂತ ಕೇಂದ್ರ ಮಾಡಿದ್ದ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಆಮೇಲೆ ಎಲ್ಲಾ ಪಾರ್ಟಿಯೋರೂ ಡೆಲ್ಲೀಲಿ ಅಧಿಕಾರಕ್ಕೆ ಬಂದು ಹೋದ್ರು, ಇದನ್ನ ಮಾತ್ರ ಯಾರೂ ಮುಟ್ಟಲಿಲ್ಲ.